ಎಂಟರ ಗಾಡಿಗೆ ಬೆಚ್ಚದ ಮಗು

ಆ ದಿನ ಬೆಳಿಗ್ಗೆ ನಾನು ಮಾಡಿದ ಕೆಲಸಗಳನ್ನು ಮಾಡಿದ ಕ್ರಮದಲ್ಲೇ ಹೇಳಬಲ್ಲೆ. ಐದೂವರೆಗೆ ಎದ್ದೆ. ಒಂದು ಒಲೆಯಲ್ಲಿ ಬಾಣಂತಿಗೆ ಗಂಜಿ, ಇನ್ನೊಂದರಲ್ಲಿ ಮಗುವಿಗೆ ಹಾಲು ಕುಡಿಸುವ ಒಳಲೆಯನ್ನು ಕುದಿಸುವ ನೀರು. ಒಳಲೆ ತಣಿಯುವಷ್ಟರಲ್ಲಿ ಸೆರಗಿಗೆ ಪಿನ್ನು ಹಾಕಿಟ್ಟಿದ್ದ ಕೀಲಿ ತೆಗೆದು ಕಪಾಟು ತೆರೆದೆ. ಮೊದಲು ಒಡವೆ ಇಡುತ್ತಿದ್ದ ಖಾನೆಯಲ್ಲಿ ಆಗ ಒಂದು ಕಂದು ಬಾಟಲಿ ಇತ್ತು. ಅದರಿಂದ ಸೂಜಿ ಇಲ್ಲದ ಸಣ್ಣ ಸಿರಿಂಜಿಗೆ ಮೂರನೆಯ ಗೀಟಿನವರೆಗೆ ಮದ್ದು ಎಳೆದು, ದೀಪಕ್ಕೆ ಹಿಡಿದು ಗುಳ್ಳೆ ಉಂಟೋ ನೋಡಿ, ಮಗುವಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ, ಸರಿಯಾಗಿ ಆರು ಗಂಟೆಗೆ ಮಗುವಿನ ಕೆನ್ನೆಯ ಒಳಬದಿಗೆ ಬಿಟ್ಟೆ. ಮೇಜಿನ ಮೇಲಿದ್ದ ಚಾರ್ಟಿನಲ್ಲಿ ಗಂಟೆ, ಪ್ರಮಾಣ, ನನ್ನ ಸಹಿ. ಬಾಟಲಿ ಮತ್ತೆ ಒಳಗೆ, ಕೀಲಿ ಮತ್ತೆ ಸೆರಗಿಗೆ.

ಆಮೇಲೆ ಅಡುಗೆಮನೆಗೆ ಬಂದು ದೇವರ ಗಂಧ ತೇಯುವ ಸಾಣೆಕಲ್ಲನ್ನು ಬಿಸಿನೀರಿನಲ್ಲಿ ತೊಳೆದು, ತೆಗೆದಿಟ್ಟ ಎದೆಹಾಲಿನ ನಾಲ್ಕು ಹನಿ ಬಿಟ್ಟು, ಅದರ ಮೇಲೆ ಜಾಯಿಕಾಯಿ ತೇದೆ. ಏಳು ಸುತ್ತು. ಕಿರುಬೆರಳಿನಿಂದ ಬಳಿದು ಮಗುವಿನ ನಾಲಿಗೆಗೆ ಹಚ್ಚಿದೆ. ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎರಡು ದಿನದಿಂದ ಅವಳು ಹಾಗೆ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಎಬ್ಬಿಸಲಿಲ್ಲ.

ಜಾಯಿಕಾಯಿಯನ್ನು ಚಾರ್ಟಿನಲ್ಲಿ ಬರೆಯಲಿಲ್ಲ. ಬರೆಯಬೇಕು ಎಂದು ಹೊಳೆಯಲೇ ಇಲ್ಲ.

ಮಗು ನನ್ನ ಮಗಳ ಚೊಚ್ಚಲು. ಹೆಣ್ಣು. ಹುಟ್ಟುವಾಗಲೇ ಎದೆಗೂ ಹೊಟ್ಟೆಗೂ ನಡುವಿನ ಪರದೆಯಲ್ಲಿ ತೂತಿತ್ತು; ಕರುಳು ಎದೆಯೊಳಗೆ ಏರಿ ಎಡಗಡೆಯ ಶ್ವಾಸಕೋಶಕ್ಕೆ ಬೆಳೆಯಲು ಜಾಗ ಕೊಟ್ಟಿರಲಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ಆಪರೇಷನ್ ಆಯಿತು. ಆಮೇಲೆ ಮೂರು ವಾರ ಉಸಿರಿನ ಯಂತ್ರ. ಬಾಯಲ್ಲಿ ನಳಿಗೆ, ಎದೆಯ ಪಕ್ಕದಲ್ಲಿ ನಳಿಗೆ, ಹೊಕ್ಕುಳಿನಲ್ಲಿ ನಳಿಗೆ. ಇಷ್ಟೆಲ್ಲ ಚುಚ್ಚಿಟ್ಟುಕೊಂಡು ಅದು ಹೇಗೆ ಮಲಗಿದೆ ಎಂದು ನಾನು ಕೇಳಿದಾಗ ನರ್ಸ್ ತೊಟ್ಟಿಲ ಪಕ್ಕದ ಪಂಪನ್ನು ತೋರಿಸಿದಳು. "ನೋವಿನ ಮದ್ದು ಹೋಗ್ತಾ ಉಂಟಲ್ಲ ಅಮ್ಮ, ಫೆಂಟನಿಲ್. ಇಲ್ಲದಿದ್ರೆ ಈ ಜೀವ ತಡ್ಕೊಳ್ತದಾ?" ಅಳಲಾರದ ಮಗುವಿನ ನೋವನ್ನು ಮುಖದಲ್ಲಿ ಓದುವುದನ್ನೂ ಅವಳೇ ಕಲಿಸಿದಳು: ಹುಬ್ಬುಗಳ ನಡುವೆ ಉಬ್ಬು, ಬಿಗಿದ ಕಣ್ಣು, ಮೂಗಿನಿಂದ ತುಟಿಯವರೆಗೆ ಒಂದು ಗೆರೆ. ಎರಡು ವಾರ ನಾನು ಗಾಜಿನ ಹೊರಗೆ ನಿಂತು ಬೇರೇನೂ ನೋಡಲಿಲ್ಲ, ಆ ಗೆರೆಯನ್ನೇ ನೋಡಿದೆ.

ಗಾಯ ಮಾಗಿತು, ಯಂತ್ರ ಕಳಚಿತು. ಎಲ್ಲ ಮುಗಿಯಿತು ಎಂದುಕೊಂಡಾಗ ಹೊಸದು ಶುರುವಾಯಿತು. ಪಂಪಿನ ಮದ್ದು ಕಡಿಮೆ ಮಾಡಿದ ಮಾರನೆಯ ದಿನ ಮಗುವಿನ ಕೈ ನಡುಗತೊಡಗಿತು. ಮೇಲಿಂದ ಮೇಲೆ ಸೀನು, ಆಕಳಿಕೆ. ಹಣೆಯ ಮೇಲೆ ಬೆವರು. ಹಾಲಿಗೆ ಬಾಯಿ ಹಾಕುತ್ತದೆ, ಹೀರಲು ಬರುವುದಿಲ್ಲ, ಸಿಟ್ಟು ಮಾಡಿಕೊಳ್ಳುತ್ತದೆ. ಅಳುವೋ, ತೆಳ್ಳಗೆ, ಎತ್ತರದಲ್ಲಿ, ಗಾಜಿನ ಮೇಲೆ ಉಗುರು ಎಳೆದ ಹಾಗೆ.

ಡಾಕ್ಟರು ನಮ್ಮಿಬ್ಬರನ್ನು ಕೂರಿಸಿ ಹೇಳಿದರು. ಮೆಲುದನಿಯ ಹೆಂಗಸು, ಎಷ್ಟು ಅವಸರದಲ್ಲಿದ್ದರೂ ಕುಳಿತೇ ಮಾತಾಡುವವರು. ಇಷ್ಟು ವಾರ ಹೋದ ನೋವಿನ ಮದ್ದಿಗೆ ಮಗುವಿನ ಮೈ ಒಗ್ಗಿಹೋಗಿದೆ, ಒಮ್ಮೆಲೇ ನಿಲ್ಲಿಸಿದರೆ ಹೀಗಾಗುತ್ತದೆ, ಇನ್ನು ಮಾರ್ಫಿನ್ನನ್ನು ಬಾಯಿಗೆ ಕೊಟ್ಟು ಮೆಲ್ಲಮೆಲ್ಲನೆ ಇಳಿಸಬೇಕು ಎಂದರು. ನನ್ನ ಮಗಳು ಕೇಳಿದಳು, "ಮಾರ್ಫಿನ್ ಅಂದ್ರೆ ಅಫೀಮಿನದ್ದಲ್ವಾ ಡಾಕ್ಟ್ರೇ? ನನ್ನ ಮಗುವಿಗೆ ಚಟ ಹಿಡೀತಾ?"

"ಚಟ ಅಲ್ಲ. ಚಟ ಅಂದ್ರೆ ಮನಸ್ಸು ಬೇಡುದು. ಇದು ಮೈಗೆ ಆದ ರೂಢಿ ಮಾತ್ರ. ಮೆಟ್ಟಿಲು ಇಳಿಸಿದ ಹಾಗೆ ಕೈ ಹಿಡಿದು ಇಳಿಸ್ಬೇಕು. ದೂಡಿಬಿಡ್ಲಿಕ್ಕೆ ಆಗುದಿಲ್ಲ."

ಆ ಮೆಟ್ಟಿಲುಗಳ ಲೆಕ್ಕಕ್ಕೇ ಚಾರ್ಟು. ಅಳು, ನಿದ್ದೆ, ನಡುಕ, ಬೆಚ್ಚುವುದು, ಬೆವರು, ಆಕಳಿಕೆ, ಸೀನು, ಹಾಲು, ಭೇದಿ. ಪ್ರತಿ ಸಲ ಹಾಲು ಕುಡಿಸಿದ ಮೇಲೆ ಒಂದೊಂದಕ್ಕೂ ಅಂಕ. ಅಂಕ ಕಡಿಮೆ ಇದ್ದರೆ ಮದ್ದು ಒಂದು ಮೆಟ್ಟಿಲು ಕೆಳಗೆ. ಏರಿದರೆ ಅಲ್ಲೇ ನಿಲ್ಲುವುದು. ಮಗಳ ಹೊಲಿಗೆ ಇನ್ನೂ ನೋಯುತ್ತಿತ್ತು, ಅಳಿಯ ರಜೆ ಮುಗಿಸಿ ಗಲ್ಫಿಗೆ ಮರಳಿದ್ದ. ಹಾಗಾಗಿ ಚಾರ್ಟು ನನ್ನ ಕೆಲಸವಾಯಿತು. ನಮ್ಮ ಕಾನ್ವೆಂಟಿನಲ್ಲಿ ಮಾರ್ಜಿನ್ ಬಿಡದೆ ಬರೆದರೆ ಪುಟವನ್ನೇ ಹರಿಯುತ್ತಿದ್ದರು. ತಿದ್ದಿದರೆ ಒಂದೇ ಗೀಟಿನಲ್ಲಿ ತಿದ್ದಬೇಕು, ಕೆಳಗಿನದು ಓದಲು ಬರಬೇಕು. ಆ ಅಭ್ಯಾಸ ನಲವತ್ತು ವರ್ಷ ಹಾಲಿನ ಲೆಕ್ಕ ಬರೆಯಲು ಮಾತ್ರ ಉಪಯೋಗಕ್ಕೆ ಬಂದಿತ್ತು. ನನ್ನ ಚಾರ್ಟನ್ನು ಡಾಕ್ಟರು ಬೇರೆಯವರಿಗೂ ತೋರಿಸಿದರು. ನನಗೆ ಹೆಮ್ಮೆಯಾಯಿತು. ಈಗ ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ನಾಲ್ಕು ಮೆಟ್ಟಿಲು ಬಾಕಿ ಇರುವಾಗ ವಾರ್ಡಿನ ಇನ್ನೆರಡು ಮಕ್ಕಳಿಗೆ ಸೋಂಕು ತಗಲಿತು. ಸಾಮಾನ್ಯವಾಗಿ ಮಾರ್ಫಿನ್ ಮುಗಿಯದೆ ಯಾರನ್ನೂ ಮನೆಗೆ ಬಿಡುವುದಿಲ್ಲ ಎಂದು ಹೇಳಿಯೇ ಡಾಕ್ಟರು ನಮ್ಮನ್ನು ಬಿಟ್ಟರು. ಕುಂಜತ್ತೂರಿನ ನಮ್ಮ ಮನೆಯಿಂದ ಆಸ್ಪತ್ರೆಗೆ ದೂರವಿಲ್ಲ, ದಿನಕ್ಕೆರಡು ಸಲ ನರ್ಸಿಗೆ ಫೋನು ಮಾಡಬೇಕು, ಮತ್ತೆ ನಾನು ಬರೆಯಬಲ್ಲೆ. ಹೊರಡುವಾಗ ಎರಡು ಮಾತು ಹೇಳಿದರು.

"ಅಳು ಹೆಚ್ಚಾದ್ರೆ ಫೋನ್ ಮಾಡಿ. ನಿದ್ದೆ ಹೆಚ್ಚಾದ್ರೆ ಫೋನ್ ಮಾಡ್ಲಿಕ್ಕೆ ನಿಲ್ಬೇಡಿ, ಹೊರಟು ಬನ್ನಿ."

ನರ್ಸ್ ಉಸಿರು ಎಣಿಸುವುದನ್ನು ಕಲಿಸಿದಳು. "ಪೂರ್ತಿ ಒಂದು ನಿಮಿಷ ಅಮ್ಮ. ಅರ್ಧ ಎಣಿಸಿ ದುಪ್ಪಟ್ಟು ಮಾಡ್ಬೇಡಿ. ಇವು ನಡುವೆ ನಿಲ್ಲಿಸಿ ಮೋಸ ಮಾಡ್ತವೆ. ಮೂವತ್ತಕ್ಕಿಂತ ಕೆಳಗೆ ಹೋದ್ರೆ ಮದ್ದು ಕೊಡ್ಬೇಡಿ." ಕೊನೆಗೆ, "ಬಾಯಿಗೆ ಹಾಲು ಮತ್ತೆ ಮದ್ದು ಮಾತ್ರ. ಜೇನು, ಬಜೆ, ಗ್ರೈಪ್ ವಾಟರ್ ಎಂತದೂ ಬೇಡ."

ಜಾಯಿಕಾಯಿ ಎಂದು ಅವಳು ಹೇಳಿರಲಿಲ್ಲ. ಆಮೇಲೆ ನಾನು ಇದನ್ನೇ ಹಿಡಿದುಕೊಂಡೆ, ಪರೀಕ್ಷೆಯಲ್ಲಿ ಪಾಠದ ಹೊರಗಿನ ಪ್ರಶ್ನೆ ಬಂದ ಹುಡುಗಿಯ ಹಾಗೆ. "ಎಂತದೂ" ಎಂಬ ಮಾತಿನೊಳಗೆ ಅದೂ ಇತ್ತು.

ಮನೆಗೆ ಬಂದ ಐದನೆಯ ದಿನ ಮೆಟ್ಟಿಲು ಇಳಿಸಿದೆವು. ಸಿರಿಂಜಿನ ನಾಲ್ಕನೆಯ ಗೀಟಿನಿಂದ ಮೂರಕ್ಕೆ. ಒಂದೇ ಒಂದು ಗೀಟು. ಅಂದು ಸಂಜೆಯಿಂದ ಅಳು. ಎತ್ತಿಕೊಂಡರೂ ಅಳು, ಇಳಿಸಿದರೂ ಅಳು. ಕಿಟಕಿ ಮುಚ್ಚಿ ಕತ್ತಲೆ ಮಾಡಿದೆವು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದೆವು, ಮಗಳು ಎದೆಯ ಚರ್ಮಕ್ಕೆ ಒತ್ತಿ ಹಿಡಿದು ಕುಳಿತಳು. ನಮ್ಮ ಮನೆಯ ಹಿಂದೆ ರೈಲಿನ ಹಳಿ. ಪ್ರತಿ ಗಾಡಿಗೂ ಮಗು ಎರಡೂ ಕೈ ಎಸೆದು ಬೆಚ್ಚುತ್ತಿತ್ತು, ಬೆಚ್ಚಿ ಮತ್ತೆ ಅಳುತ್ತಿತ್ತು. ನರ್ಸ್ ಫೋನಿನಲ್ಲಿ ಅಂಕ ಕೇಳಿ, "ಇದು ಇರ್ತದೆ ಅಮ್ಮ. ಎರಡು ದಿನ ತಡ್ಕೊಳ್ಳಿ, ಗಡಿ ದಾಟ್ಲಿಲ್ಲ," ಎಂದಳು. ಕಾಗದದಲ್ಲಿ ಗಡಿ ದಾಟಿರಲಿಲ್ಲ. ಮಗಳು ಒಮ್ಮೆ ಮಗುವನ್ನು ನನ್ನ ಮಡಿಲಿಗೆ ಹಾಕಿ ಬಾವಿಕಟ್ಟೆಯ ಹತ್ತಿರ ಹೋಗಿ ಎರಡೂ ಕಿವಿ ಮುಚ್ಚಿಕೊಂಡು ನಿಂತಳು.

ಮಾರನೆಯ ದಿನ ಸಂಜೆ ಪಕ್ಕದ ಮನೆಯ ಹೆಂಗಸು ಬಂದರು. ಮೂರು ಮಕ್ಕಳನ್ನೂ ಐದು ಮೊಮ್ಮಕ್ಕಳನ್ನೂ ಸಾಕಿದ ಕೈ; ನನಗಿಂತ ಹತ್ತು ವರ್ಷ ದೊಡ್ಡವರಾದರೂ ನನ್ನನ್ನೇ ಅಕ್ಕ ಎನ್ನುವವರು. ಮದ್ದಿನ ಹೆಸರನ್ನು ನಾವು ಅವರಿಗೆ ಹೇಳಿರಲಿಲ್ಲ. ಮಗುವಿಗೆ ಮಾರ್ಫಿನ್ ಎಂದರೆ ಆ ಮಾತು ಹೊಸಂಗಡಿಯವರೆಗೆ ನಡೆದುಹೋಗುತ್ತದೆ ಎಂಬ ಅಂಜಿಕೆ.

"ಬಾಲೆ ಎಂತ ಅಕ್ಕ, ಇಷ್ಟು ಕೂಗುದು? ನಮ್ಮ ಚಾವಡಿಗೆ ಕೇಳ್ತದೆ. ಇವರು ನಿನ್ನೆ ಟಿವಿಯ ವಾರ್ತೆ ಬಂದ್ ಮಾಡಿ ಕೂತ್ರು."

"ಆಪರೇಷನ್ ಆದ ಮಗು ಅಲ್ವಾ. ಹೊಟ್ಟೆನೋವು ಇರ್ಬೇಕು."

"ಜಾಯಿಕಾಯಿ ಕೊಡ್ಲಿಲ್ವಾ?"

"ಅದೆಲ್ಲ ಬೇಡ ಅಂದಿದ್ದಾರೆ."

"ಕಾನ್ವೆಂಟಿನಲ್ಲಿ ಕಲ್ತವರಿಗೆ ಹೇಳ್ಲಿಕ್ಕೆ ನಾನು ಯಾರು ಮಾರಾಯ್ತಿ!" ನಗುತ್ತಲೇ ಸೊಂಟದಿಂದ ಒಂದು ಕಾಯಿ ತೆಗೆದು ನನ್ನ ಅಂಗೈಯಲ್ಲಿಟ್ಟರು. "ನಮ್ಮ ಮರದ್ದೇ. ಒಂದು ಸುತ್ತು ತೇದು ಹಚ್ಚಿ. ಒಂದೇ. ಹೆಚ್ಚು ಬೇಡ. ನನ್ನ ಮೂರೂ ಇದರಲ್ಲೇ ಮಲಗಿದ್ದು. ಸತ್ತದ್ದು ಯಾರೂ ಇಲ್ಲ."

ಕಾಯಿ ನುಣ್ಣಗೆ, ಬೆಚ್ಚಗೆ ಇತ್ತು. ನನ್ನ ತಾಯಿ ನನಗೆ ಹಚ್ಚಿದ್ದು, ನಾನು ನನ್ನ ಮಗಳಿಗೆ ಹಚ್ಚಿದ್ದು ಇದನ್ನೇ. ಬೀಗದೊಳಗಿನ ಕಂದು ಬಾಟಲಿಯನ್ನು ನಾನು ಹೆದರುತ್ತಲೇ ಮುಟ್ಟುತ್ತಿದ್ದೆ. ಸಾಸಿವೆ ಡಬ್ಬಿಯ ಪಕ್ಕ ಇರುವ ಈ ಕಾಯಿಯ ಬಗ್ಗೆ ಹೆದರಿಕೆ ಎಲ್ಲಿಂದ ಬರಬೇಕು? ಅಂದು ಸಂಜೆ ಮಗಳಿಗೆ ಹೇಳದೆ ಒಂದು ಸುತ್ತು ತೇದೆ. ಮಗು ಅಳುತ್ತಲೇ ಇತ್ತು. ಇನ್ನೆರಡು ಸುತ್ತು. ಮತ್ತೆ ಅರ್ಧ ಗಂಟೆ ಬಿಟ್ಟು ಇನ್ನೆರಡು. ಅಳು ಇಳಿಯಿತು. ಮಗು ಮಲಗಿತು, ಮಗಳು ಮಲಗಿದಳು, ನಾನು ಕುಳಿತಲ್ಲೇ ತೂಕಡಿಸಿದೆ. ಬೆಳಿಗ್ಗೆ ಮದ್ದು ಹಾಕಲು ಎಬ್ಬಿಸಿದಾಗ ಮಗು ಒಮ್ಮೆ ಮುಖ ಕಿವುಚಿ ನರಳಿತು. ಮತ್ತೆ ಶುರುವಾಗುತ್ತದೆ ಎಂದು ಹೆದರಿ ಏಳು ಸುತ್ತು ತೇದೆ. ಹೀಗೆ ಆದದ್ದು.

ಎಂಟು ಗಂಟೆಯ ಗಾಡಿ ಹಾರ್ನ್ ಹಾಕಿಕೊಂಡು ಹೋಯಿತು. ಕಿಟಕಿಯ ಸರಳು ಗಣಗಣ ಎಂದಿತು. ಮಗು ಬೆಚ್ಚಲಿಲ್ಲ. ಕೈ ಎಸೆಯಲಿಲ್ಲ, ರೆಪ್ಪೆಯೂ ಅಲುಗಲಿಲ್ಲ. ನಾನು ಚಾರ್ಟಿನಲ್ಲಿ 'ಬೆಚ್ಚುವುದು' ಎಂಬಲ್ಲಿ ಸೊನ್ನೆ ಬರೆದೆ. ಅಳು ಸೊನ್ನೆ. ನಡುಕ ಸೊನ್ನೆ. ಸೀನು ಸೊನ್ನೆ. ಮೇಲಿಂದ ಕೆಳಗೆ ಸೊನ್ನೆ ಇಳಿದದ್ದು ಅದೇ ಮೊದಲು. ಒಂದೊಂದನ್ನೂ ದುಂಡಗೆ ಬರೆದೆ.

ಮಗಳು ಒಂಬತ್ತಕ್ಕೆ ಎದ್ದಳು. "ಅಮ್ಮಾ, ಅಳ್ಲೇ ಇಲ್ವಾ?"

"ಇಲ್ಲ. ನೋಡು, ಎಲ್ಲ ಸೊನ್ನೆ."

ಅವಳು ಚಾರ್ಟನ್ನು ನೋಡಿ ನಕ್ಕಳು. ಹೆರಿಗೆಯಾದ ಮೇಲೆ ಅವಳ ಹಲ್ಲು ಕಂಡದ್ದು ಅಂದು. "ಇನ್ನು ಮೂರೇ ಮೆಟ್ಟಿಲು. ಆಮೇಲೆ ಹೆಸರು ಇಡುವಾ," ಎಂದಳು. ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಆಸ್ಪತ್ರೆಯ ಪಟ್ಟಿಯಲ್ಲಿ ಮಗಳ ಹೆಸರಿನ ಮುಂದೆ 'ಮಗು' ಎಂದಷ್ಟೇ.

ಹತ್ತಕ್ಕೆ ಹಾಲು ಕೊಟ್ಟೆವು. ಎರಡು ಒಳಲೆ ಹೋಯಿತು, ಮೂರನೆಯದು ಬಾಯಿಯ ಬದಿಯಿಂದ ಹೊರಗೆ ಹರಿದು ಕುತ್ತಿಗೆಯ ಮಡಿಕೆಗೆ ಇಳಿಯಿತು. "ನಿದ್ದೆಗಣ್ಣು," ಎಂದಳು ಮಗಳು. ನಾನೂ ಹಾಗೇ ಎಂದುಕೊಂಡೆ. 'ಹಾಲು' ಎಂಬಲ್ಲಿ ಮಾತ್ರ ಒಂದು ಅಂಕ ಬರೆಯಬೇಕಾಯಿತು. ಬರೆದೆ. ಅಂದವಾದ ಸಾಲು ಕೆಟ್ಟಿತಲ್ಲ ಎಂದು ಒಂದು ಕ್ಷಣ ಬೇಸರವೂ ಆಯಿತು. ಬೆಳಗಿನ ಫೋನಿನಲ್ಲಿ ನರ್ಸಿಗೆ ಅಂಕ ಓದಿ ಹೇಳಿದೆ. "ಅಬ್ಬ, ಒಳ್ಳೇದಾಯ್ತು. ಉಸಿರು ನೋಡಿದ್ರಾ?" ಎಂದಳು. "ಮದ್ದಿಗೆ ಮೊದಲು ನೋಡ್ತೇನೆ," ಎಂದೆ. ಅದು ನಿಯಮವೇ ಆಗಿತ್ತು. ನಾನು ನಿಯಮ ಮುರಿಯಲಿಲ್ಲ. ಆದರೆ ಆಗಲೇ ನೋಡಬಹುದಿತ್ತು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಕಪಾಟು ತೆರೆದು ಸಿರಿಂಜಿಗೆ ಮೂರನೆಯ ಗೀಟಿನವರೆಗೆ ಎಳೆದು, ಬಟ್ಟಲಿನಲ್ಲಿಟ್ಟು, ಮಗುವಿನ ಅಂಗಿ ಎತ್ತಿ, ಗೋಡೆಯ ಗಡಿಯಾರ ನೋಡುತ್ತ ಎಣಿಸಿದೆ. ಆಪರೇಷನ್ನಿನ ಗಾಯ ಎಡಗಡೆ ಅರ್ಧಚಂದ್ರದ ಹಾಗೆ ಇತ್ತು. ಉಸಿರಾಡುವಾಗ ಅದು ಏಳಬೇಕು, ಇಳಿಯಬೇಕು. ಎದ್ದಿತು. ಇಳಿಯಿತು. ಮತ್ತೆ ಏಳಲು ಬಹಳ ಹೊತ್ತು ಹಿಡಿಯಿತು. ನಿಮಿಷ ಮುಗಿದಾಗ ಹದಿನೆಂಟು.

ತಪ್ಪಿರಬೇಕು ಎಂದು ಮತ್ತೆ ಎಣಿಸಿದೆ. ಹದಿನಾರು. ಈ ಸಲ ನಡುವೆ ಗಾಯ ಅಲುಗದೆ ನಿಂತಿತು, ಸೆಕೆಂಡಿನ ಮುಳ್ಳು ಹತ್ತು ಹೆಜ್ಜೆ ಹೋಯಿತು. ಮೂಗಿನ ಸುತ್ತ ಚರ್ಮ ಬೂದಿಯ ಬಣ್ಣಕ್ಕೆ ತಿರುಗುವುದನ್ನು ಕಂಡೆ. ಅಂಗಾಲನ್ನು ಉಗುರಿನಿಂದ ಕೆರೆದೆ. ಮಗು ಸಣ್ಣಗೆ ಬಿಕ್ಕಿ ಉಸಿರು ಎಳೆಯಿತು. ಆ ಉಸಿರು ನನ್ನ ಮುಖಕ್ಕೆ ಬಡಿಯಿತು. ಅದರಲ್ಲಿ ಜಾಯಿಕಾಯಿಯ ವಾಸನೆ ಇತ್ತು.

ಮಗಳನ್ನು ಕರೆದೆ. "ಹೊರಡು. ಈಗಲೇ."

"ಎಂತಾಯ್ತು? ಮಲಗಿದ್ದಲ್ವಾ?"

"ಮಲಗಿದ್ದೇ ಆದದ್ದು."

ಪಕ್ಕದ ಮನೆಯವರ ಕಾರಿಗೆಂದು ಓಡಿದರೆ ಗೇಟಿಗೆ ಬೀಗ. ಹೊಸಂಗಡಿಯಲ್ಲಿ ಮದುವೆ ಎಂದು ಹಿಂದಿನ ದಿನವೇ ಹೇಳಿದ್ದರು. ರಸ್ತೆಗೆ ಬಂದಾಗ ಒಂದು ರಿಕ್ಷಾ ಸಿಕ್ಕಿತು. ನಮ್ಮ ಊರು ಕೇರಳಕ್ಕೆ ಸೇರಿದ್ದು; ನಮ್ಮ ಕಡೆಯ ರಿಕ್ಷಾಗಳು ತಲಪಾಡಿಯ ಗಡಿಯಲ್ಲಿ ನಿಲ್ಲುತ್ತವೆ. ಅಲ್ಲಿಳಿದು ಕರ್ನಾಟಕದ ರಿಕ್ಷಾ ಹಿಡಿಯಬೇಕು. ಚಾಲಕ ತಲೆನರೆತ ಬ್ಯಾರಿ. ಕನ್ನಡಿಯಲ್ಲಿ ಮಗುವನ್ನು ನೋಡಿದ.

"ಎಂತ ಮಗುವಿಗೆ?"

"ಉಸಿರು ನಿಲ್ತಾ ಉಂಟು," ಎಂದಳು ಮಗಳು.

"ಗಡಿ ದಾಟಿದ್ರೆ ನನ್ನನ್ನು ಹಿಡೀತಾರೆ ಅಮ್ಮ." ಗಾಡಿ ಅಷ್ಟರಲ್ಲಿ ಓಡುತ್ತಿತ್ತು. "ಹಿಡೀಲಿ. ನೀವು ಮಗುವನ್ನು ಹಿಡ್ಕೊಳ್ಳಿ."

ಗಡಿಯಲ್ಲಿ ಅವನು ನಿಲ್ಲಿಸಲಿಲ್ಲ. ಯಾರೂ ಕೈ ಅಡ್ಡ ಹಾಕಲೂ ಇಲ್ಲ. ದಾರಿಯುದ್ದಕ್ಕೂ ಮಗಳು ಮಗುವನ್ನು ತೊಡೆಯ ಮೇಲೆ ನೇರವಾಗಿ ಹಿಡಿದಿದ್ದಳು, ನಾನು ಎಣಿಸುತ್ತ ಅಂಗಾಲು ಕೆರೆಯುತ್ತಿದ್ದೆ. ಐದು ಎಣಿಸುವವರೆಗೆ ಕಾಯುವುದು. ಆರಕ್ಕೆ ಬರಲಿಲ್ಲವೆಂದರೆ ಕೆರೆಯುವುದು. ಬೇರೇನೂ ನನ್ನ ಕೈಯಲ್ಲಿರಲಿಲ್ಲ. ಉಳ್ಳಾಲದ ಸೇತುವೆಯ ಮೇಲೆ ಒಮ್ಮೆ ಕೆರೆದರೂ ಬರಲಿಲ್ಲ. ಮಗಳು ಬೆನ್ನನ್ನು ಜೋರಾಗಿ ಉಜ್ಜಿದಳು, ಬಂತು. "ಅಳು ಮಗಾ, ಒಮ್ಮೆ ಅಳು," ಎಂದು ಅವಳು ಹೇಳುತ್ತಿದ್ದಳು. ಮೊನ್ನೆ ಇದೇ ಅಳುವಿಗೆ ಕಿವಿ ಮುಚ್ಚಿ ನಿಂತವಳು.

ಆಸ್ಪತ್ರೆಯಲ್ಲಿ ಮಗುವನ್ನು ನಮ್ಮ ಕೈಯಿಂದ ಕಸಿದುಕೊಂಡೇ ಹೋದರು ಎನ್ನಬೇಕು. ಮುಖಕ್ಕೆ ಸಣ್ಣ ಮುಖವಾಡ ಇಟ್ಟು ರಬ್ಬರಿನ ಚೀಲ ಒತ್ತಿ ಉಸಿರು ಕೊಟ್ಟರು. ಬೂದಿ ಬಣ್ಣ ಮೆಲ್ಲನೆ ಕರಗಿತು. ಡಾಕ್ಟರು ಚೀಲ ನರ್ಸಿನ ಕೈಗೆ ಕೊಟ್ಟು ನನ್ನ ಕಡೆ ತಿರುಗಿದರು.

"ಮದ್ದು ಎರಡು ಸಲ ಕೊಟ್ರಾ?"

"ಇಲ್ಲ. ಆರು ಗಂಟೆಗೆ ಒಮ್ಮೆ. ಹನ್ನೆರಡರದ್ದು ಕೊಡ್ಲಿಲ್ಲ."

ಚಾರ್ಟು ಕೊಟ್ಟೆ. ಬಾಟಲಿಯನ್ನೂ ತಂದಿದ್ದೆ. ಒಬ್ಬ ನರ್ಸ್ ಉಳಿದ ಮದ್ದನ್ನು ಅಳೆದಳು. ಬಟ್ಟಲಿನಲ್ಲಿ ಬಿಟ್ಟು ಬಂದ ಒಂದು ಸಿರಿಂಜಿನಷ್ಟು ಕಡಿಮೆ, ಅಷ್ಟೇ. ಡಾಕ್ಟರ ಹುಬ್ಬು ಗಂಟಾಯಿತು. "ಇಷ್ಟು ಸಣ್ಣ ಡೋಸಿಗೆ ಇಷ್ಟು ಮಂಪರು ಬರ್ಬಾರ್ದು. ಆದ್ರೂ ಬೇರೆ ಕಾರಣ ಕಾಣುದಿಲ್ಲ." ಅವರು ಒಂದು ಇಂಜೆಕ್ಷನ್ನಿನ ಹೆಸರು ಹೇಳಿದರು. ನರ್ಸ್ ಪುಟ್ಟ ಗಾಜಿನ ಕೊಳವೆಯ ಕುತ್ತಿಗೆ ಮುರಿದಳು. ಟಕ್ ಎಂಬ ಆ ಸದ್ದು ಈಗಲೂ ನನ್ನ ಕಿವಿಯಲ್ಲಿ ಉಂಟು.

"ಬೇರೆ ಮದ್ದು ಎಂತಾದ್ರೂ ಕೊಟ್ಟಿದ್ರಾ?"

ಉತ್ತರ ಕೊಟ್ಟವಳು ಮಗಳು. "ಇಲ್ಲ ಡಾಕ್ಟ್ರೇ. ಅಮ್ಮ ಬರೆಯದೆ ಒಂದು ಹನಿ ಕೊಡುದಿಲ್ಲ. ನೋಡಿ ನೀವೇ."

ನಾನು ನೋಡಿದ್ದು ಆ ಸೊನ್ನೆಗಳ ಸಾಲನ್ನು. ಒಂದು ಮಾತೂ ಆಡದೆ ಇದ್ದಿದ್ದರೆ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಗುವಿಗೆ ಹೇಗೂ ಚಿಕಿತ್ಸೆ ಶುರುವಾಗಿದೆ, ಮಾರ್ಫಿನ್ನಿನ ತಪ್ಪು ಮಾರ್ಫಿನ್ನಿನ ಮೇಲೆಯೇ ಇರಲಿ ಎಂದು ಒಳಗೆ ಒಂದು ಸ್ವರ ಹೇಳಿತು. ನನ್ನ ಸ್ವರವೇ. ಸಿರಿಂಜ್ ತುಂಬುತ್ತಿತ್ತು.

"ಜಾಯಿಕಾಯಿ ತೇದು ಹಚ್ಚಿದ್ದೇನೆ," ಎಂದೆ. "ನಿನ್ನೆ ಸಂಜೆ ಐದು ಸುತ್ತು. ಇವತ್ತು ಬೆಳಿಗ್ಗೆ ಏಳು."

ಡಾಕ್ಟರು ಕೈ ಎತ್ತಿ ನರ್ಸನ್ನು ತಡೆದರು. "ಅದು ಈಗ ಬೇಡ. ಇಟ್ಕೊಳ್ಳಿ, ಕೊಡ್ಬೇಡಿ."

ಆಮೇಲೆ ಚೀಲ ಒತ್ತುವ ಕೈಯನ್ನು ನೋಡುತ್ತಲೇ ನಮಗೆ ವಿವರಿಸಿದರು. ಆ ಇಂಜೆಕ್ಷನ್ ಮಾರ್ಫಿನ್ನನ್ನು ಮೈಯಿಂದ ಒಮ್ಮೆಲೇ ಕಿತ್ತುಹಾಕುತ್ತದೆ, ಜಾಯಿಕಾಯಿಯನ್ನು ಕೀಳುವುದಿಲ್ಲ. ಇಷ್ಟು ವಾರ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ ಮಗುವನ್ನು ಮೇಲಿನಿಂದ ದೂಡಿದ ಹಾಗಾಗುತ್ತದೆ, ಫಿಟ್ಸ್ ಬರಬಹುದು. "ಉಸಿರು ನಾವು ಕೊಡುವಾ. ಮಂಪರು ತಾನಾಗಿ ಇಳೀಲಿ. ಕೈ ಮೀರಿದ್ರೆ ಮಾತ್ರ ಇಂಜೆಕ್ಷನ್."

"ಎಷ್ಟು ಹೊತ್ತು ಡಾಕ್ಟ್ರೇ?"

"ಗೊತ್ತಿಲ್ಲ. ಇದರಿಂದಲೇ ಆಯ್ತು ಅಂತ ಗಟ್ಟಿಯಾಗಿ ಹೇಳ್ಲಿಕ್ಕೂ ಆಗುದಿಲ್ಲ. ಎರಡೂ ಒಟ್ಟು ಸೇರಿದ್ದು ಅಂತ ಕಾಣ್ತದೆ. ಕಾಯುದು."

ಬೈಯಲಿಲ್ಲ. ಒಂದು ಮಾತಾದರೂ ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಹೊರಡುವಾಗ ನಿಂತು, "ಮನೆಯಲ್ಲಿ ತೇದು ಕೊಡುದನ್ನು ಯಾರೂ ಮದ್ದು ಅಂತ ಎಣಿಸುದಿಲ್ಲ. ನಾವು ಒಂದೊಂದೇ ಹೆಸರು ಹೇಳಿ ಕೇಳ್ಬೇಕಿತ್ತು," ಎಂದರು.

ಮಗುವಿನ ಮೂಗಿಗೆ ಗಾಳಿ ಒತ್ತುವ ಎರಡು ಸಣ್ಣ ನಳಿಗೆ ಹಾಕಿ ಮತ್ತೆ ಅದೇ ಗಾಜಿನ ಒಳಗೆ ಮಲಗಿಸಿದರು. ಅದೇ ಮೂಲೆ. ನಾವು ಅದೇ ಬೆಂಚಿನ ಮೇಲೆ. ಮಗಳು ಕೇಳಿದಳು.

"ಬೆಳಿಗ್ಗೆ ಯಾವಾಗ ಕೊಟ್ಟದ್ದು?"

"ಆರು ಗಂಟೆಯ ಮದ್ದು ಆದ ಮೇಲೆ."

"ನಾನು ಮಲಗಿದ್ದಾಗ."

"ಹೌದು."

ಅವಳ ಎದೆಹಾಲು ಅಂಗಿಯ ಮೇಲೆ ಒದ್ದೆಯಾಗಿ ಇಳಿಯುತ್ತಿತ್ತು. ನನ್ನ ಸೆರಗು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಎದ್ದು ಹೋಗಿ ಗಾಜಿಗೆ ಹಣೆ ಒತ್ತಿ ನಿಂತಳು.

ಮಧ್ಯಾಹ್ನ ಉರುಳಿತು. ಪರದೆಯ ಮೇಲೆ ಹಸಿರು ಗೆರೆ. ಗೆರೆ ಚಪ್ಪಟೆಯಾದಾಗಲೆಲ್ಲ ಗಂಟೆ ಹೊಡೆಯುತ್ತದೆ, ನರ್ಸ್ ಬಂದು ಅಂಗಾಲು ಮುಟ್ಟುತ್ತಾಳೆ, ಗೆರೆ ಏಳುತ್ತದೆ. ಮೊದಲು ನಾಲ್ಕೈದು ನಿಮಿಷಕ್ಕೊಮ್ಮೆ ಬರುತ್ತಿದ್ದವಳು ಆಮೇಲೆ ಹತ್ತಕ್ಕೊಮ್ಮೆ ಬಂದಳು. ನಾನು ಗಂಟೆ ಎಣಿಸಿದೆ. ಬರೆದುಕೊಳ್ಳಲು ಕಾಗದ ಇರಲಿಲ್ಲ. ಇದ್ದಿದ್ದರೂ ಬರೆಯುತ್ತಿರಲಿಲ್ಲ.

ನಾಲ್ಕೂವರೆಗೆ ಡಾಕ್ಟರು ಬಂದು ಹಣೆ, ಹೊಟ್ಟೆ ಮುಟ್ಟಿ ನೋಡಿದರು. "ಇನ್ನು ನಾವು ಕಾಯುದು ಇವಳ ತೊಂದರೆಗೇ," ಎಂದರು. "ನಡುಕ ಬರ್ಲಿ, ಸೀನು ಬರ್ಲಿ, ಆ ಅಳು ಬರ್ಲಿ. ಬಂದ್ರೆ ಮಂಪರು ಇಳೀತಾ ಉಂಟು ಅಂತ ಅರ್ಥ. ಆಗ ಮಾರ್ಫಿನ್ ಮತ್ತೆ ಮೊದಲಿನ ಮೆಟ್ಟಿಲಿನಿಂದ."

ಮೊದಲಿನ ಮೆಟ್ಟಿಲಿನಿಂದ. ಮಗಳು ತಲೆಯಾಡಿಸಿದಳು. ಯಾವ ನೋವನ್ನು ಇಳಿಸಲು ಇಷ್ಟು ದಿನ ಒದ್ದಾಡಿದೆವೋ ಅದೇ ಬರಲಿ ಎಂದು ಮೂವರೂ ಗಾಜಿನೊಳಗೆ ನೋಡುತ್ತ ನಿಂತೆವು.

ಐದು ದಾಟಿದ ಮೇಲೆ ಒಳಗಿನಿಂದ ನರ್ಸ್ ನಮ್ಮ ಕಡೆ ಕೈ ಮಾಡಿದಳು. ಬಾಗಿಲು ಸ್ವಲ್ಪ ತೆರೆದು, "ಸೀನಿತು," ಎಂದಳು.

"ಎಷ್ಟು?" ಎಂದೆ.

"ಒಂದು."

ಚಾರ್ಟಿನ ಪ್ರಕಾರ ಒಂದು ಸೀನಿಗೆ ಅಂಕ ಇಲ್ಲ. ಮೂರು ದಾಟಿದರೆ ಮಾತ್ರ. ಆದರೂ ಮಗಳು ನನ್ನ ಮಣಿಕಟ್ಟನ್ನು ಹಿಡಿದಳು. ಗಟ್ಟಿಯಾಗಿ ಹಿಡಿದು, ಹಿಡಿದದ್ದು ನೆನಪಾದ ಹಾಗೆ ಬಿಟ್ಟಳು. ನಾವು ಎರಡನೆಯದಕ್ಕೆ ಕಾದೆವು. ಬರಲಿಲ್ಲ. ಗಂಟೆ ಮತ್ತೊಮ್ಮೆ ಹೊಡೆಯಿತು.

"ನೀನು ಮನೆಗೆ ಹೋಗಿ ಬಾ," ಎಂದಳು ಮಗಳು, ನನ್ನನ್ನು ನೋಡದೆ. "ನನ್ನ ಬಟ್ಟೆ ಬೇಕು. ಹಾಲು ತೆಗೆಯುವ ಪಂಪು ಬೇಕು. ಮಗುವಿನ ಹಳದಿ ಟೊಪ್ಪಿ." ಬಾಗಿಲಿನವರೆಗೆ ಹೋದಾಗ ಹಿಂದಿನಿಂದ ಹೇಳಿದಳು, "ಆ ಕಲ್ಲನ್ನು ತೊಳೆದಿಡು."

ಬಸ್ಸಿನಲ್ಲಿ ಕಿಟಕಿಯ ಬಳಿ ಸೀಟು ಸಿಕ್ಕಿತು. ಬಲಗೈಯ ಕಿರುಬೆರಳಿನ ಉಗುರಿನ ಬದಿಯಲ್ಲಿ ಒಣಗಿದ ಕಂದು ಗೆರೆ ಇನ್ನೂ ಇತ್ತು. ಕುಂಜತ್ತೂರಿನಲ್ಲಿ ಇಳಿದಾಗ ಬೆಳಕು ಇತ್ತು. ಮಧ್ಯಾಹ್ನ ಅವಸರದಲ್ಲಿ ತೆರೆದಿಟ್ಟು ಹೋದ ನಮ್ಮ ಗೇಟು ಹಾಗೇ ಇತ್ತು. ಸಾಣೆಕಲ್ಲು ಅಡುಗೆಮನೆಯಲ್ಲಿ ನಾನಿಟ್ಟಲ್ಲೇ, ಅದರ ಪಕ್ಕ ಒಂದು ಬದಿ ಸವೆದ ಕಾಯಿ. ಕೋಣೆಯಲ್ಲಿ ಬಟ್ಟಲಿನೊಳಗೆ ಹನ್ನೆರಡು ಗಂಟೆಯ ಸಿರಿಂಜ್, ಮೂರನೆಯ ಗೀಟಿನವರೆಗೆ ತುಂಬಿಯೇ ಇತ್ತು. ಅದನ್ನು ಕಾಗದದಲ್ಲಿ ಸುತ್ತಿ, ಆಸ್ಪತ್ರೆಗೆ ಮರಳಿಸಲು ಚೀಲದಲ್ಲಿಟ್ಟೆ. ಕಲ್ಲು ತೊಳೆದೆ. ಮತ್ತೆ ತೊಳೆದೆ. ಹಳದಿ ಟೊಪ್ಪಿ ಹಾಸಿಗೆಯ ಮಡಿಕೆಯಲ್ಲಿ ಸಿಕ್ಕಿತು.

ಬಾಗಿಲಿಗೆ ಬೀಗ ಹಾಕುತ್ತಿದ್ದಾಗ ಪಕ್ಕದ ಮನೆಯವರು ಗೋಡೆಯ ಆಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಮದುವೆಯ ರೇಷ್ಮೆ ಸೀರೆ ಇನ್ನೂ ಉಟ್ಟೇ ಇದ್ದರು, ಮುಡಿಯಲ್ಲಿ ಬಾಡಿದ ಮಲ್ಲಿಗೆ. ನನ್ನ ಕೈಯ ಚೀಲವನ್ನು ಅವರು ನೋಡಲಿಲ್ಲ. ಬಾಯಲ್ಲಿದ್ದ ಕ್ಲಿಪ್ಪನ್ನು ತೆಗೆದು ನಕ್ಕರು.

"ನಾವು ಮೂರು ಗಂಟೆಗೇ ಬಂದೆವು ಅಕ್ಕ. ಇವತ್ತು ಬಾಲೆಯ ಸದ್ದೇ ಇಲ್ಲ ನೋಡಿ. ಅಂತೂ ಒಳ್ಳೆ ನಿದ್ದೆ ಬಂತಲ್ಲ ಅದಕ್ಕೆ!"